ಈಜಿಗೆ ಇಳಿಸುವ ಮೊದಲು ಕುತ್ತಿಗೆಯನ್ನು ಗಮನಿಸಿ

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಕ್ರೋಮೊಸೋಮ್ ಹೆಚ್ಚಿರುವ ಸ್ಥಿತಿ) ಇರುವ ಮಕ್ಕಳನ್ನು ಈಜಿಗೆ ಸೇರಿಸಹೊರಟ ಮುಂಬೈಯ ಕನ್ನಡಿಗರ ಮನೆಗಳಲ್ಲಿ ನಾನು ಪದೇ ಪದೇ ಕಂಡ ತಪ್ಪು ಒಂದೇ: ಕುತ್ತಿಗೆಯ ಎಕ್ಸ್‌-ರೇ ಒಮ್ಮೆ ತೆಗೆಸಿ, ‘ನಾರ್ಮಲ್’ ಎಂಬ ವರದಿಯನ್ನು ಫೈಲಿಗೆ ಸೇರಿಸಿ, ಮತ್ತೆಂದೂ ಆ ಕಡೆ ನೋಡದಿರುವುದು.

ಮೊದಲು ಹೃದಯ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುವುದರಿಂದ ಹೃದ್ರೋಗ ತಜ್ಞರ ಒಪ್ಪಿಗೆ ಬೇಕು. ಥೈರಾಯ್ಡ್ ಪರೀಕ್ಷೆಯೂ ಜೊತೆಗೇ ಆಗಲಿ.

ಎರಡನೆಯದು ಕುತ್ತಿಗೆ, ಎಡವುವುದು ಇಲ್ಲಿಯೇ. ತಲೆಬುರುಡೆಯ ಕೆಳಗಿನ ಮೊದಲೆರಡು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಇವರಲ್ಲಿ ಸಡಿಲವಾಗಿರಬಹುದು. ತಲೆ ರಭಸದಿಂದ ಬಾಗಿದರೆ ಬೆನ್ನುಹುರಿ ಒತ್ತಿಕೊಳ್ಳಬಹುದು. ಈ ಸಡಿಲತೆ ಎಕ್ಸ್‌-ರೇಯಲ್ಲಿ ನೂರಕ್ಕೆ 10ರಿಂದ 20 ಮಂದಿಯಲ್ಲಿ ಕಂಡರೂ ತೊಂದರೆ ಕೊಡುವುದು ಒಬ್ಬಿಬ್ಬರಿಗೆ ಮಾತ್ರ. 3 ವರ್ಷದೊಳಗಿನ ಮಕ್ಕಳ ಮೂಳೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅವರ ಎಕ್ಸ್‌-ರೇಯನ್ನು ನೆಚ್ಚುವಂತೆಯೇ ಇಲ್ಲ. ದೊಡ್ಡ ಮಕ್ಕಳಲ್ಲೂ ಒಮ್ಮೆ ಬಂದ ‘ನಾರ್ಮಲ್’ ವರದಿ ಮುಂದಿನ ದಿನಗಳ ಭರವಸೆಯಲ್ಲ. ಆದುದರಿಂದ ತಿಂಗಳಿಗೊಮ್ಮೆ ಮಗು ಬರಿಗಾಲಲ್ಲಿ ನಡೆಯುವುದನ್ನು ಮೊಬೈಲಿನಲ್ಲಿ ಸೆರೆಹಿಡಿದು, ಹಿಂದಿನ ತಿಂಗಳ ವಿಡಿಯೊ ಪಕ್ಕದಲ್ಲಿಟ್ಟು ನೋಡಿ. ಕಾಲು ಎಳೆಯುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ಕತ್ತು ಒಂದೇ ಕಡೆ ವಾಲುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಇವು ಬೆನ್ನುಹುರಿ ಒತ್ತಿಕೊಂಡಿರಬಹುದೆಂಬ ಸೂಚನೆಗಳು. ಮಾಟುಂಗದ ಹುಡುಗನೊಬ್ಬ ಎರಡು ವಾರ ಎಡಗೈಯಲ್ಲಿ ದೋಸೆ ಮುರಿಯತೊಡಗಿದ್ದನ್ನು ಮನೆಯವರು ಹಟವೆಂದುಕೊಂಡಿದ್ದರು, ಬಲಗೈ ಸೋತಿತ್ತು. ಈ ಮಕ್ಕಳು ನೋವನ್ನು ತಡವಾಗಿ, ಅಸ್ಪಷ್ಟವಾಗಿ ತಿಳಿಸುವುದರಿಂದ ‘ನೋಯುತ್ತಿದೆ’ ಎಂಬ ಮಾತಿಗೆ ಕಾಯಬಾರದು. ಇಂಥ ಸೂಚನೆ ಕಂಡ ದಿನವೇ ಆಟ ನಿಲ್ಲಿಸಿ, ನರರೋಗ ಅಥವಾ ಮೂಳೆ ತಜ್ಞರಲ್ಲಿಗೆ ಕರೆದೊಯ್ಯಿರಿ. ಕತ್ತು ತಿರುವುವ ಮಾಲೀಶಿನವರ ಬಳಿಗಂತೂ ಬೇಡ.

ಮೂರನೆಯದು ತರಬೇತುದಾರರಿಗೆ ಬರೆದುಕೊಡುವ ಚೀಟಿ: ತಲೆ ಮುಂದಾಗಿ ನೀರಿಗೆ ಹಾರಿಸಬಾರದು, ಬಟರ್‌ಫ್ಲೈ ಶೈಲಿಯ ಈಜು ಬೇಡ, ಪಲ್ಟಿ ಹೊಡೆಸುವ ಕಸರತ್ತು ಬೇಡ. ಬಾಯಲ್ಲಿ ಹೇಳಿದ್ದು ತರಬೇತುದಾರರು ಬದಲಾದ ದಿನವೇ ಮರೆಯಾಗುತ್ತದೆ. ಟ್ರ್ಯಾಂಪೊಲಿನ್ (ಪುಟಿಯುವ ಹಾಸಿನ ಮೇಲೆ ಜಿಗಿಯುವ ಆಟ) 6 ವರ್ಷದವರೆಗೆ ಬೇಡವೆಂದು ವೈದ್ಯರು ಹೇಳುತ್ತಾರೆ. ನನ್ನ ಮಟ್ಟಿಗೆ ಮಾಲ್‌ಗಳ ಜಿಗಿತದ ಅಂಕಣಗಳಿಗೆ ಎಂದೂ ಬೇಡ. ಕುತ್ತಿಗೆಗೆ ತೊಡಿಸುವ ಗಾಳಿಯ ಉಂಗುರವನ್ನು ಉಚಿತವಾಗಿ ಕೊಟ್ಟರೂ ಮನೆಗೆ ತರಬೇಡಿ.

ಸ್ಮಾರ್ಟ್‌ವಾಚ್ ತೋರಿಸುವ ನಾಡಿಮಿಡಿತದ ಗುರಿಯನ್ನು ನಂಬಬೇಡಿ: 220ರಿಂದ ವಯಸ್ಸು ಕಳೆದು ಗರಿಷ್ಠ ಮಿಡಿತ ಹೇಳುವ ಲೆಕ್ಕ ಇವರಿಗೆ ಹೊಂದುವುದಿಲ್ಲ, ಇವರ ಗರಿಷ್ಠ ಮಿಡಿತ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ದಡಕ್ಕೆ ಬಂದ ಮಗು ನಿಮ್ಮೊಂದಿಗೆ ಎಂದಿನಂತೆ ಮಾತನಾಡುತ್ತಿದ್ದರೆ ಇನ್ನೊಂದು ಸುತ್ತು ಈಜಲಿ, ಏದುಸಿರು ನಿಲ್ಲದಿದ್ದರೆ ಟವೆಲ್ ಹೊದಿಸಿ ಕೂರಿಸಿ.