ಬೆಂಗಳೂರಿಂದ ಒಂದೇ ದಿನದಲ್ಲಿ ಬೃಂದಾವನ: ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ನಮ್ಮ ಶಿರಸಿ ಕಡೆಯವರು ಮದುವೆ, ಉಪನಯನ ಅಂತ ಬೆಂಗಳೂರಿಗೆ ಹೋದರೆ ಒಂದು ದಿನ ಜಾಸ್ತಿ ಉಳಿದು ಕೆಆರ್‌ಎಸ್ ಬೃಂದಾವನ ನೋಡಿ ಬರುವುದು ಇದ್ದದ್ದೇ. ಆದರೆ ಎಷ್ಟೋ ಜನ ಬೆಳಗಿನ ಜಾವ ಎದ್ದು ಓಡಿ, ಮಧ್ಯಾಹ್ನದ ಉರಿಬಿಸಿಲಲ್ಲಿ ತೋಟ ಸುತ್ತಿ, ದೀಪ ಹತ್ತುವ ಹೊತ್ತಿಗೆ ಸುಸ್ತಾಗಿ ವಾಪಸ್ ಹೊರಟಿರುತ್ತಾರೆ. ಅಷ್ಟು ದೂರ ಹೋಗಿ ಹೀಗಾದರೆ ಬೇಜಾರಲ್ವಾ? ಬೃಂದಾವನ ಸಂಜೆಯ ತೋಟ. ಅದಕ್ಕೇ ಅಪ್ಪ, ಆಯಿಯನ್ನು ಕರೆದುಕೊಂಡು ಹೋಗುವಾಗ ನಾನು ಮೊದಲು ಕಾರಂಜಿಯ ಹೊತ್ತು ನೋಡಿಕೊಂಡೆ, ಅಲ್ಲಿಂದ ಹಿಂದಕ್ಕೆ ಇಡೀ ದಿನದ ಲೆಕ್ಕ ಹಾಕಿದೆ.

ಸಂಗೀತ ಕಾರಂಜಿ ಶುರುವಾಗುವುದು ಕತ್ತಲಾದ ಮೇಲೆ, ಆರೂವರೆ-ಏಳರ ಸುಮಾರಿಗೆ. ಅದಿರುವುದು ತೋಟದ ಉತ್ತರ ಭಾಗದಲ್ಲಿ. ಗೇಟಿನಿಂದ ಅಲ್ಲಿಗೆ ನಡಿಗೆ ಸಾಕಷ್ಟಿದೆ, ಮೆಟ್ಟಿಲೂ ಇವೆ. ಆಯಿಗೆ ಮಂಡಿನೋವು, ಕೂತು ಕೂತು ಹೋಗಬೇಕು. ಹಾಗಾಗಿ ನಾಲ್ಕೂವರೆಗೆ ಗೇಟಿನ ಒಳಗಿರಬೇಕು ಅಂತ ಗಟ್ಟಿ ಮಾಡಿಕೊಂಡೆ. ಬೆಳಕಲ್ಲಿ ಗಿಡ, ಹೂವು ನೋಡಿಯಾಗುತ್ತದೆ, ಕತ್ತಲಾಗುತ್ತಿದ್ದ ಹಾಗೆ ದೀಪ ನೋಡುತ್ತಾ ಕಾರಂಜಿ ಕಡೆಗೆ ಹೋದರಾಯಿತು.

ಹೋಗುವುದು ಹೇಗೆ ಅಂತ ಜಾಸ್ತಿ ಯೋಚಿಸಲಿಲ್ಲ. ಮೈಸೂರಿಗೆ ರೈಲು ಬೇಕಾದಷ್ಟಿವೆ, ಮೈಸೂರು ಸಿಟಿ ಬಸ್ ನಿಲ್ದಾಣದಿಂದ ಕೆಆರ್‌ಎಸ್‌ಗೆ ಬಸ್ಸೂ ಸಿಗುತ್ತದೆ. ಆದರೆ ಕಾರಂಜಿ ಮುಗಿಸಿ, ವಯಸ್ಸಾದವರನ್ನು ಕರೆದುಕೊಂಡು ರಾತ್ರಿ ಬಸ್ಸು, ರೈಲು ಅಂತ ಓಡುವುದು ಕಷ್ಟ. ಭಾವನ ಕಾರಲ್ಲೇ ಹೊರಟೆವು. ಬೈಕಲ್ಲಿ ಹೋಗುವವರು ನೆನಪಿಟ್ಟುಕೊಳ್ಳಿ, 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬೆಳಿಗ್ಗೆ ತಿಂಡಿ ಮುಗಿಸಿ ಆರಾಮಾಗಿ ಹೊರಟು, ಮದ್ದೂರಲ್ಲಿ ವಡೆ ತಿಂದು, ನೇರ ಶ್ರೀರಂಗಪಟ್ಟಣಕ್ಕೆ ಹೋದೆವು. ರಂಗನಾಥನ ದರ್ಶನ ಮೊದಲು ಮಾಡಿಬಿಡಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಊಟ ಆದ ಮೇಲೆ ರಂಗನತಿಟ್ಟು. 1940ರಲ್ಲಿ ಪಕ್ಷಿಧಾಮವಾದ ಜಾಗ ಅದು, ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿ ಆದದ್ದು. ದೋಣಿಯಲ್ಲಿ ಕೂತರೆ ಹಕ್ಕಿ ಗೂಡುಗಳ ಪಕ್ಕದಲ್ಲೇ ಹೋಗಬಹುದು, ಬಂಡೆ ಮೇಲೆ ಮಲಗಿದ ಮೊಸಳೆಯೂ ಕಾಣುತ್ತದೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮೊದಲು ಕೇಳಿಕೊಳ್ಳಿ. ದರಿಯಾ ದೌಲತ್, ಮೈಸೂರು ಅರಮನೆ ಎಲ್ಲ ಸೇರಿಸಬೇಡಿ. ಸುಮ್ನೆ ಓಟವಾಗುತ್ತದೆ ಅಷ್ಟೇ.

ಇನ್ನು ತೋಟ. ವಿಶ್ವೇಶ್ವರಯ್ಯನವರ ಅಣೆಕಟ್ಟೆಯ ಬುಡದಲ್ಲಿ ಇದನ್ನು ಮಾಡಿಸಿದವರು ದಿವಾನ್ ಮಿರ್ಜಾ ಇಸ್ಮಾಯಿಲ್. 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿದದ್ದು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ. ಹಾಗಾಗಿ ಇಲ್ಲಿ ಹೂವಿಗಿಂತ ನೀರನ್ನೇ ನೋಡಬೇಕು ಅಂತ ನನ್ನ ಅಭಿಪ್ರಾಯ. ಅಡಿಕೆ ತೋಟದಲ್ಲೇ ಜೀವನ ಕಳೆದ ಅಪ್ಪ ಗುಲಾಬಿ ಕಡೆ ತಿರುಗಿಯೂ ನೋಡಲಿಲ್ಲ. ಮೇಲಿನ ಹಂತದ ಕಾಲುವೆಯಿಂದ ಕೆಳಗಿನ ಹಂತಕ್ಕೆ ನೀರು ತೆಳ್ಳಗೆ ಹಾಸಿದಂತೆ ಜಾರುವ ಕಡೆ ನಿಂತುಬಿಟ್ಟರು. ಬಗ್ಗಿ ಕಲ್ಲಿನ ಅಂಚು ಮುಟ್ಟಿ, ನೀರು ಎಲ್ಲೂ ಒಂದು ಪಕ್ಕಕ್ಕೆ ವಾಲದೆ ಅಂಚಿನ ಉದ್ದಕ್ಕೂ ಒಂದೇ ಸಮ ಇಳಿಯುವುದನ್ನು ಅಕ್ಕನ ಮಗಳಿಗೆ ತೋರಿಸಿ, "ಚೊಲೋ ಇದ್ದು" ಅಂದರು. ನಮ್ಮ ಕಡೆ ತೋಟದ ಕಾದಿಗೆ (ನೀರು ಹರಿಯುವ ಕಾಲುವೆ) ಬಿಡಿಸುವವರಿಗೆ ಗೊತ್ತು, ನೀರನ್ನು ಹಾಗೆ ಸಮ ಇಳಿಸುವುದು ಎಷ್ಟು ನಾಜೂಕಿನ ಕೆಲಸ ಅಂತ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಅವರಿಗೆ ಇದನ್ನು ನೋಡಲು ಟೈಮ್ ಕೊಡಿ.

ಶನಿವಾರ, ಭಾನುವಾರ, ದಸರಾ ದಿನಗಳಲ್ಲಿ ವಿಪರೀತ ಜನ. ವಾರದ ನಡುವಿನ ದಿನ ಹೋದದ್ದಕ್ಕೆ ಆಯಿಗೆ ಕಾರಂಜಿಯ ಎದುರು ಕೂರಲು ಜಾಗ ಸಿಕ್ಕಿತು. ಹಾಡಿಗೆ ತಕ್ಕಂತೆ ನೀರು ಏಳುವಾಗ ಗಾಳಿ ಬೀಸಿದರೆ ಮುಂದಿನ ಸಾಲಿಗೆಲ್ಲ ಹನಿ ಹಾರುತ್ತದೆ, ಚಳಿಗಾಲವಾದರೆ ಒಂದು ಶಾಲು ಇಟ್ಟುಕೊಳ್ಳಿ. ಮುಗಿಯುತ್ತಿದ್ದ ಹಾಗೆ ಎಲ್ಲರೂ ಒಟ್ಟಿಗೆ ಗೇಟಿಗೆ ನುಗ್ಗುತ್ತಾರೆ. ಹತ್ತು ನಿಮಿಷ ಕೂತೇ ಇದ್ದು ಆಮೇಲೆ ಏಳಿ.

ರಾತ್ರಿ ಊಟ ದಾರಿಯಲ್ಲೇ ಮಾಡಿದರೆ ಬೆಂಗಳೂರು ಮುಟ್ಟುವಾಗ ಹನ್ನೊಂದು ದಾಟಬಹುದು. ಹಾಗಾಗಿ ಅದೇ ರಾತ್ರಿಗೆ ಶಿರಸಿ ಬಸ್ಸನ್ನೋ, ಕುಮಟಾ, ಕಾರವಾರದ ಕಡೆಯವರಾದರೆ ಪಂಚಗಂಗಾ ರೈಲನ್ನೋ ಬುಕ್ ಮಾಡಬೇಡಿ. ಮರುದಿನಕ್ಕೆ ಮಾಡಿ.