ಲೂಪಸ್ ಇದ್ದವರ ಕೀಲುನೋವು: ಮಾತ್ರೆಗೆ ಮೊದಲು ನೋವಿನ ಗುರುತು ಹಿಡಿಯಿರಿ

ಲೂಪಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಅದು ಇರುವ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಕೀಲು ನೋಯುತ್ತದೆ. ಆದರೆ ಎಲ್ಲ ನೋವೂ ಲೂಪಸ್‌ನದೇ ಅಲ್ಲ. ಔಷಧಿಯಿಂದ ಬಂದದ್ದಿರಬಹುದು, ಸೋಂಕಿನದೂ ಇರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಬೆಳಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಿ ನೋಡಿ. ಬೆರಳ ತುದಿ ಅಂಗೈಗೆ ತಾಗುತ್ತದೆಯೇ? ಗೆಣ್ಣುಗಳ ನಡುವಿನ ತಗ್ಗು ಕಾಣುತ್ತದೆಯೇ, ಊತದಲ್ಲಿ ಮುಚ್ಚಿಹೋಗಿದೆಯೇ? ಬಿಗಿತ ಸಡಿಲಾಗಲು ಎಷ್ಟು ನಿಮಿಷ ಹಿಡಿಯಿತು? ಎರಡು ವಾರ ಬರೆದಿಡಿ. ಊದಿದ ದಿನವೇ ಫೋಟೊ ತೆಗೆಯಿರಿ. ಲೂಪಸ್ ನೋವು ಸಾಮಾನ್ಯವಾಗಿ ಎರಡೂ ಕೈಗಳ ಬೆರಳು, ಮಣಿಕಟ್ಟು, ಮಂಡಿಗಳಿಗೆ ಬರುತ್ತದೆ, ಇವತ್ತು ಇಲ್ಲಿದ್ದದ್ದು ನಾಳೆ ಅಲ್ಲಿಗೆ ಹೋಗುತ್ತದೆ. ವೈದ್ಯರ ಎದುರು ಕೂತಾಗ ಊತ ಇಳಿದೇ ಹೋಗಿರಬಹುದು.

ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ, ಅಲುಗಾಡಿಸಲಾಗದಷ್ಟು ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕಾಗಿರಬಹುದು. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರ ಕಾಣಿಸದೆಯೂ ಇರಬಹುದು, ಆದ್ದರಿಂದ ಜ್ವರಕ್ಕೆ ಕಾಯಬೇಡಿ. ಸೂಜಿ ಹಾಕಿ ಕೀಲಿನ ನೀರು ತೆಗೆದು ಪರೀಕ್ಷಿಸಿದರಷ್ಟೇ ಖಚಿತವಾಗುತ್ತದೆ.

ನಡೆಯುವಾಗ ತೊಡೆಸಂದಿನಲ್ಲಿ ನೋವೇ? ಸ್ಟಿರಾಯ್ಡ್‌ನಿಂದ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಕಡಿಮೆಯಾಗಿ ಮೂಳೆ ಸಾಯುತ್ತಿರಬಹುದು. ಮೊದಮೊದಲು ಎಕ್ಸ್-ರೇಯಲ್ಲಿ ಇದು ಕಾಣುವುದಿಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ‘ಎಕ್ಸ್-ರೇ ಚೆನ್ನಾಗಿದೆ’ ಎಂಬ ಮಾತಿಗೆ ಸುಮ್ಮನಾಗದೆ ಎಂಆರ್‌ಐ ಬೇಕೇ ಎಂದು ಕೇಳಿ.

ಬೆರಳು ಕಿರುಬೆರಳಿನ ಕಡೆಗೆ ವಾಲುತ್ತಿದ್ದರೆ ಅಂಗೈಯನ್ನು ಮೇಜಿನ ಮೇಲೆ ಒತ್ತಿ ನೋಡಿ. ಒತ್ತಿದಾಗ ನೇರವಾಗಿ, ಎತ್ತಿದಾಗ ಮತ್ತೆ ವಾಲಿದರೆ ಮೂಳೆ ಸವೆದಿರುವುದು ಅಪರೂಪ, ಕಟ್ಟುನಾರು ಸಡಿಲಾಗಿರುತ್ತದೆ. ಸಡಿಲಾದ ನಾರನ್ನು ಮಾತ್ರೆ ಬಿಗಿ ಮಾಡಲಾರದು. ಸ್ಪ್ಲಿಂಟ್ (ಬೆರಳನ್ನು ನೇರವಾಗಿ ಹಿಡಿದಿಡುವ ಆಸರೆಪಟ್ಟಿ) ಮತ್ತು ಕೈ ವ್ಯಾಯಾಮ ಬೇಕು, ಅದನ್ನು ಫಿಸಿಯೊಥೆರಪಿಸ್ಟ್ ಹೇಳಿಕೊಡುತ್ತಾರೆ.

ಔಷಧಿಯಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬೆನ್ನೆಲುಬಿದ್ದಂತೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿ.ಗ್ರಾಂ. ಮೀರಬಾರದು, 50 ಕಿಲೋ ತೂಕದವರಿಗೆ ದಿನಕ್ಕೆ ಸರಾಸರಿ ಹೆಚ್ಚೆಂದರೆ 250 ಮಿ.ಗ್ರಾಂ. ಗುಣ ಕಾಣಲು ಆರು ವಾರದಿಂದ ಮೂರು ತಿಂಗಳು ಬೇಕು. ‘ಏನೂ ಆಗಲಿಲ್ಲ’ ಎಂದು ಮೂರನೇ ವಾರಕ್ಕೇ ಬಿಟ್ಟರೆ ನಷ್ಟ ನಿಮಗೇ. ಶುರುವಿನಲ್ಲೊಮ್ಮೆ ಕಣ್ಣಿನ ಪರೀಕ್ಷೆ ಆಗಲಿ, ಐದು ವರ್ಷದ ನಂತರ ಪ್ರತಿವರ್ಷ. ಕಿಡ್ನಿ ತೊಂದರೆಯಿದ್ದರೆ ಇನ್ನೂ ಬೇಗ. ಸ್ಟಿರಾಯ್ಡನ್ನು ಎಂದಿಗೂ ದಿಢೀರನೆ ನಿಲ್ಲಿಸಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅವು ಕಿಡ್ನಿಗೆ ಇನ್ನಷ್ಟು ಹೊಡೆತ ಕೊಡುತ್ತವೆ.

ಬಿಗಿತಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ 15 ನಿಮಿಷ ಕೈ ಇಟ್ಟು, ನೀರಿನೊಳಗೇ ಬೆರಳು ಮಡಚಿ ಬಿಡಿಸಿ. ಬಿಸಿಯೇರಿ ಊದಿದ ಮಂಡಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಸಾಕು. ಚಳಿಗೆ ಬೆರಳು ಬೆಳ್ಳಗಾಗಿ ಮರಗಟ್ಟುವವರು ಮಾತ್ರ ಕೈಗೆ ಐಸ್ ಸೋಕಿಸಲೇಬಾರದು.