ಹತ್ತು ಚದರದ ತಾರಸಿಗೆ ಸುಣ್ಣದ ಗಾರೆ: ನನ್ನ ಅನುಭವ

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಊರವರೆಲ್ಲ ಕೋಡಿ ನೋಡೋಕೆ ಹಿರಿಯೂರಿಗೆ ಹೊರಟರೆ, ನಾನು ಚಿತ್ರದುರ್ಗದ ಮನೆಯಲ್ಲಿ ಅಕ್ಕಿ ಮೂಟೆ ಎತ್ತಿಡುತ್ತಿದ್ದೆ. ದೇವರಮನೆ ಮೂಲೆ ಸೋರುತ್ತಿತ್ತು.

'ದುರ್ಗದಲ್ಲಿ ಮಳೆ ಎಷ್ಟು ಬರುತ್ತೆ, ತಾರಸಿಗೆ ಒಂದು ಕೋಟ್ ವಾಟರ್‌ಪ್ರೂಫ್ ಕೆಮಿಕಲ್ ಹೊಡೆಸಿ ಸಾಕು' ಅಂತ ಕೆಲವರು ಅಂದರು. ಹೊಡೆಸಿದೆ. ಇಪ್ಪತ್ತೆರಡು ಸಾವಿರ ಆಯಿತು. 2023ರಲ್ಲಿ ಒಂದು ಹನಿ ಸೋರಲಿಲ್ಲ. ಆದರೆ ಅದು ಬರದ ವರ್ಷ ಅಲ್ವಾ! ಮುಂದಿನ ವರ್ಷ ಮಳೆ ಹಿಡಿದಾಗ ಅದೇ ಮೂಲೆ, ಜೊತೆಗೆ ಅಡುಗೆಮನೆಯೂ ಸೋರಿತು. ಮೇಲೆ ಹತ್ತಿ ನೋಡಿದರೆ ಕೋಟಿಂಗ್ ಹಪ್ಪಳದ ಹಾಗೆ ಎದ್ದಿತ್ತು. ನಮ್ಮ ಬಿಸಿಲಿಗೆ ಸ್ಲ್ಯಾಬ್ ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತೆ. ಪ್ಯಾರಪೆಟ್ ಬುಡದ ಬಿರುಕಿಗೆ ಮೂರು ಸಲ ಸಿಮೆಂಟ್ ಮೆತ್ತಿದ್ದೆ, ಮೂರು ಸಲವೂ ಬಿಟ್ಟುಕೊಂಡಿತ್ತು.

ಕೊನೆಗೆ ಸುಣ್ಣದ ಗಾರೆ ಅಂತ ನಿರ್ಧಾರ ಮಾಡಿದೆ. ಮನೆ ಕಟ್ಟಿದ ಮೇಸ್ತ್ರಿ 'ಈ ಕಾಲದಲ್ಲಿ ಯಾರು ಹಾಕಿಸ್ತಾರೆ ಸರ್' ಅಂದು ಕೈ ಬಿಟ್ಟರು. ಸ್ಲ್ಯಾಬ್ ಭಾರ ತಡೆಯುತ್ತಾ ಅಂತ ಎಂಜಿನಿಯರ್‌ಗೆ ಕೇಳಿ, ಹೊಳಲ್ಕೆರೆ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯನ್ನು ಹುಡುಕಿ ತಂದೆ.

ಹಳೇ ಕೋಟಿಂಗ್ ಕೆರೆಯೋಕೇ ಎರಡು ದಿನ ಬೇಕಾಯಿತು. ಅರಳಿಸಿದ ಸುಣ್ಣ, ಇಟ್ಟಿಗೆ ಚೂರು, ಇಟ್ಟಿಗೆ ಪುಡಿ. ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು. ಎಷ್ಟು ದಿನ ನೆನೆಸಬೇಕು, ಯಾವಾಗ ಸೋಸಬೇಕು ಅನ್ನೋದು ಆ ಮೇಸ್ತ್ರಿಯ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. ಒಂದು ಕಡೆ ನಾಲ್ಕು ಇಂಚು ದಪ್ಪ, ನೀರು ಹೋಗೋ ಕಡೆ ಒಂದೂವರೆ ಇಂಚು, ಹೀಗೆ ವಾಟ (ಇಳಿಜಾರು) ಕೊಟ್ಟೆವು. ಆರು ಜನ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ಮೂರು ದಿನ ಬಡಿದರು. ಹಲಗೆ ಪುಟಿಯೋವರೆಗೂ ಬಿಡಬಾರದು. ಪ್ಯಾರಪೆಟ್ ಬುಡಕ್ಕೆ ಅದೇ ಗಾರೆಯಲ್ಲಿ ದಪ್ಪ ಗೋಲಾ, ಅಂದರೆ ಗೋಡೆ, ತಾರಸಿ ಸೇರೋ ಮೂಲೆಗೆ ದುಂಡನೆಯ ಅಂಚು. ಹದಿನೈದು ದಿನ ಗೋಣಿಚೀಲ ಒದ್ದೆ ಮಾಡಿದ್ದು ನಾನೇ. ಎಲ್ಲಾ ಸೇರಿ ಎಪ್ಪತ್ತು ಸಾವಿರದ ಹತ್ತಿರ ಬಂತು, ಅರ್ಧಕ್ಕಿಂತ ಜಾಸ್ತಿ ಕೂಲಿಯೇ.

ಇದು ಡಿಸೆಂಬರ್ ಕೆಲಸ. ದುಡ್ಡು ಸಾಲದೆ ಪೋರ್ಟಿಕೋ ಬಿಟ್ಟಿದ್ದೆ. ಅದನ್ನು ಯುಗಾದಿ ಆದಮೇಲೆ ಹಾಕಿಸಿದ್ದು ತಪ್ಪಾಯಿತು. ಬಿಸಿಲಿಗೆ ಬೇಗ ಒಣಗಿ ಜೇಡರಬಲೆಯ ಹಾಗೆ ಬಿರಿಯಿತು. ಒಂಬತ್ತು ಸಾವಿರ ದಂಡ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಚಳ್ಳಕೆರೆಯಲ್ಲಿ ಅಜ್ಜಿಯ ಮಾಳಿಗೆ ಮನೆ ಮೇಲೆ ಸವುಳು ಮಣ್ಣು (ಉಪ್ಪಿನಂಶದ ಮಣ್ಣು) ಹಾಕುತ್ತಿದ್ದರು, ನೀರು ಇಳಿಯುತ್ತಿರಲಿಲ್ಲ. ಎರಡು ಚೀಲ ತಂದು ಹಿತ್ತಲ ಬಚ್ಚಲಮನೆ ಮೇಲೆ ಹಾಕಿದೆ. ಸೋರೋದೇನೋ ನಿಂತಿತು, ಆದರೆ ಗೋಡೆಗೆ ಉಪ್ಪು ಹತ್ತಿ ಪ್ಲಾಸ್ಟರ್ ಉದುರಿತು. ತೆಗೆಸಿದೆ.

ಮಳೆಗಾಲಕ್ಕೆ ಮೊದಲು ತಾರಸಿಯ ಕೊಳವೆಗಳಿಗೆ ಬಟ್ಟೆ ತುರುಕಿ, ಸಂಪಿನ ನೀರು ಎರಡು ಇಂಚು ನಿಲ್ಲಿಸಿ ಮೂರು ದಿನ ಬಿಟ್ಟೆ. ಕೈಬಿಟ್ಟಿದ್ದ ಮೇಸ್ತ್ರಿಯನ್ನು ಕರೆದು ದೇವರಮನೆ ಮೂಲೆ ಮುಟ್ಟಿ ನೋಡೋಕೆ ಹೇಳಿದೆ. ಒಣಗಿತ್ತು. 2025ರ ಮಳೆಯಲ್ಲೂ ಹಾಗೇ ಇತ್ತು. ಈಗ ಅವರೇ ಇನ್ನೊಂದು ಮನೆಗೆ ಹಾಕೋಕೆ ಆ ಹಿರಿಯ ಮೇಸ್ತ್ರಿಯ ನಂಬರ್ ಇಸ್ಕೊಂಡು ಹೋಗಿದ್ದಾರೆ.